ಜೀರುಂಡೆ ಇಲ್ಲದ ಬೇಸಿಗೆ: ಹಳೆಯ ಟಿವಿ ಆ್ಯನಿಮೇಶನ್ ಸರಣಿಯೊಂದರ ಮೂಲಧ್ವನಿ ಕಳೆದುಹೋದ ಬಗೆ

ಈ ಪ್ರಕರಣ ಜಪಾನಿನದು. 1980ರ ದಶಕದ ಕೊನೆಯಲ್ಲಿ ವಾರಕ್ಕೊಂದರಂತೆ ಒಂದು ವರ್ಷ ಪ್ರಸಾರವಾದ 52 ಕಂತುಗಳ ಆ್ಯನಿಮೇಶನ್ ಸರಣಿ. ಸರಣಿಯ, ಸ್ಟುಡಿಯೋದ, ಚಾನೆಲ್ಲಿನ ಹೆಸರು ಇಲ್ಲಿಲ್ಲ. ಯಾವ ಸಂಸ್ಥೆಯ ಗುರುತೂ ಸಿಗದಿರಲೆಂದು, ಇಂಥ ಕೆಲಸಗಳಲ್ಲಿ ಮತ್ತೆ ಮತ್ತೆ ಎದುರಾಗುವ ವಿವರಗಳನ್ನು ಒಂದೇ ಸರಣಿಯ ಮೇಲೆ ಕೂರಿಸಿ ಬರೆದಿದೆ.

ಸರಣಿಯನ್ನು ಬ್ಲೂ-ರೇಗೆ ತರುವ ಕೆಲಸ ಶುರುವಾದಾಗ ಚಿತ್ರದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. 16 ಮಿ.ಮೀ. ನೆಗೆಟಿವ್ 52 ಕಂತುಗಳಿಗೂ ಇತ್ತು, ಸ್ಥಿತಿಯೂ ಚೆನ್ನಾಗಿತ್ತು. ಧ್ವನಿಗೆ ಹಳೆಯ ಡಿವಿಡಿಯ ಟ್ರ್ಯಾಕನ್ನೇ ಹಾಕುವುದೆಂದು ಬಜೆಟ್ಟಿನಲ್ಲಿ ಒಂದೇ ಸಾಲು ಬರೆದು ಮುಗಿಸಿದ್ದರು. 14ನೇ ಕಂತನ್ನು ಪರೀಕ್ಷೆಗೆಂದು ಹಾಕಿ ನೋಡಿದಾಗ ಆ ಸಾಲು ನಿಲ್ಲಲಿಲ್ಲ. ಬೇಸಿಗೆಯ ಮಧ್ಯಾಹ್ನ, ಹುಡುಗಿಯೊಬ್ಬಳು ಜಗಲಿಯಲ್ಲಿ ಕೂತಿದ್ದಾಳೆ, ಸೂರಿನಿಂದ ಗಾಜಿನ ಗಾಳಿಗಂಟೆ ತೂಗುತ್ತಿದೆ. ಇಪ್ಪತ್ತು ಸೆಕೆಂಡು ಮಾತಿಲ್ಲ. ಟ್ರ್ಯಾಕಿನಲ್ಲಿ ಮಾತೂ ಇಲ್ಲ, ಸದ್ದೂ ಇಲ್ಲ. ಗಾಳಿಗಂಟೆ ಅಲ್ಲಾಡಿದಾಗಲೊಮ್ಮೆ ಹೆಂಚಿಗೆ ಬೆರಳು ತಾಕಿಸಿದಂತೆ 'ಟುಕ್' ಎನ್ನುತ್ತಿತ್ತು, ಅಷ್ಟೇ. ಆ ಕಂತಿನ ಸದ್ದುಗಳ ಪಟ್ಟಿ ಹಾಳೆ ಸ್ಟುಡಿಯೋದ ಕಾಗದಪತ್ರಗಳಲ್ಲಿ ಉಳಿದಿತ್ತು. ಈ ದೃಶ್ಯದ ಎದುರು ಅದರಲ್ಲಿ ಬರೆದಿದ್ದದ್ದು: ಜೀರುಂಡೆ, ದೃಶ್ಯದ ಉದ್ದಕ್ಕೂ.

ಜಪಾನಿನ ಬೇಸಿಗೆ ಎಂದರೆ ಜೀರುಂಡೆಯ ಕೂಗು. ಅದಿಲ್ಲದಿದ್ದರೆ ಆ ದೃಶ್ಯಕ್ಕೆ ಅರ್ಥವೇ ಇಲ್ಲ. ಅದು ಹೋದದ್ದೆಲ್ಲಿ ಎಂದು ಹುಡುಕಹೊರಟಾಗ ಇಡೀ ಸರಣಿಯ ಧ್ವನಿಯ ಕಥೆ ಬಿಚ್ಚಿಕೊಂಡಿತು.

ಧ್ವನಿ ಸಾಗಿದ ದಾರಿ

ಅಮೆರಿಕದ ಕಾರ್ಟೂನುಗಳಲ್ಲಿ ಮಾತನ್ನು ಮೊದಲು ಮುದ್ರಿಸಿ ಆಮೇಲೆ ಚಿತ್ರ ಬಿಡಿಸುವುದು ರೂಢಿ. ಜಪಾನಿನಲ್ಲಿ ಅದು ತಿರುಗಾಮುರುಗಾ: ಚಿತ್ರ ಓಡುತ್ತಿರುತ್ತದೆ, ಕಲಾವಿದರು ಒಂದೇ ಕೋಣೆಯಲ್ಲಿ ನಿಂತು ಮೂರ್ನಾಲ್ಕು ಮೈಕುಗಳನ್ನು ಹಂಚಿಕೊಂಡು ಮಾತು ತುಂಬುತ್ತಾರೆ. ಹೀಗೆ ಮುದ್ರಿಸಿದ್ದು ಕಾಲಿಂಚು ಅಗಲದ ಟೇಪಿಗೆ, ಅಲ್ಲಿನವರ ಮಾತಿನಲ್ಲಿ '6 ಮಿಲಿ'ಗೆ. ಅಲ್ಲಿಂದ 'ಸಿನೆ-ಟೇಪಿ'ಗೆ. ಸಿನೆ-ಟೇಪು ಎಂದರೆ 16 ಮಿ.ಮೀ. ಫಿಲ್ಮಿನಷ್ಟೇ ಅಗಲ, ಅದೇ ಅಂಚಿನ ತೂತು, ಆದರೆ ಚಿತ್ರದ ಲೇಪದ ಬದಲು ಮೇಲೆಲ್ಲ ಕಬ್ಬಿಣದ ಆಕ್ಸೈಡು. ತೂತುಗಳಿರುವುದರಿಂದ ಚಿತ್ರದೊಂದಿಗೆ ಹೆಜ್ಜೆ ತಪ್ಪದೆ ಓಡುತ್ತದೆ.

ಒಂದು ಕಂತಿಗೆ ಮಾತಿನ ರೀಲು ಒಂದು, ಸಂಗೀತದ್ದು ಒಂದು, ಸದ್ದುಗಳದ್ದು ಒಂದು, ಮೂರನ್ನೂ ಬೆರೆಸಿದ ಮಿಕ್ಸ್ ಒಂದು. 16 ಮಿ.ಮೀ. ಫಿಲ್ಮು ನಿಮಿಷಕ್ಕೆ 36 ಅಡಿ ಓಡುತ್ತದೆ. 24 ನಿಮಿಷದ ಕಂತಿಗೆ ಒಂದೊಂದು ರೀಲು 864 ಅಡಿ, ಊಟದ ತಟ್ಟೆಯಷ್ಟು ಅಗಲದ ಡಬ್ಬಿ. 52 ಕಂತಿಗೆ 208 ಡಬ್ಬಿ, 6 ಮಿಲಿ ಟೇಪುಗಳು ಬೇರೆ. ಇದು ಒಂದೇ ಸರಣಿಯ ಲೆಕ್ಕ. ಸ್ಟುಡಿಯೋದಲ್ಲಿ ಆಗ ಇಂಥ ಸರಣಿಗಳು ಒಂದರ ಹಿಂದೊಂದು ತಯಾರಾಗುತ್ತಿದ್ದವು.

ಮಿಕ್ಸ್ ಆದ ಮೇಲೆ ಅದನ್ನು ಬೆಳಕಿನ ರೂಪಕ್ಕೆ ತಿರುಗಿಸಿ 'ಆಪ್ಟಿಕಲ್' ಧ್ವನಿ ನೆಗೆಟಿವ್ ಮಾಡುತ್ತಾರೆ. ಚಿತ್ರದ ನೆಗೆಟಿವ್ ಜೊತೆ ಅದನ್ನೂ ಸೇರಿಸಿ ಪ್ರಿಂಟ್ ಹಾಕಿದರೆ ಫಿಲ್ಮಿನ ಒಂದು ಅಂಚಿನಲ್ಲಿ ಏರಿಳಿಯುವ ಗೆರೆಯಾಗಿ ಧ್ವನಿ ಬರುತ್ತದೆ. ಒಂದೇ ಡಬ್ಬಿಯಲ್ಲಿ ಚಿತ್ರವೂ ಧ್ವನಿಯೂ. ಸಾಗಿಸಲು ಸುಲಭ, ಓಡಿಸಲು ಸುಲಭ.

ಆದರೆ ಈ ಸುಲಭಕ್ಕೆ ತೆತ್ತ ಬೆಲೆ ದೊಡ್ಡದು. 16 ಮಿ.ಮೀ. ಫಿಲ್ಮು ಸೆಕೆಂಡಿಗೆ ಸುಮಾರು 183 ಮಿ.ಮೀ. ಸಾಗುತ್ತದೆ. 6,000 ಹರ್ಟ್ಸ್, ಅಂದರೆ ಸೆಕೆಂಡಿಗೆ 6,000 ಅಲೆಗಳ ಸ್ವರದ ಒಂದು ಅಲೆಗೆ ಅದರ ಮೇಲೆ ಸಿಗುವ ಜಾಗ 0.03 ಮಿ.ಮೀ. ಅಷ್ಟರೊಳಗೆ ಅಲೆಯ ಏರೂ ಇಳಿವೂ ಮೂಡಬೇಕು, ಪ್ರಿಂಟಿನಲ್ಲಿ ಉಳಿಯಬೇಕು, ಓದುವ ಬೆಳಕಿನ ಸೀಳು ಅದನ್ನು ಬಿಡಿಬಿಡಿಯಾಗಿ ಕಾಣಬೇಕು. ಆಗುವುದಿಲ್ಲ. 16 ಮಿ.ಮೀ. ಆಪ್ಟಿಕಲ್ ಧ್ವನಿ ಐದಾರು ಸಾವಿರ ಹರ್ಟ್ಸ್ ಹೊತ್ತಿಗೆ ಕೈಚೆಲ್ಲುತ್ತದೆ. 'ಸ'ಕಾರ, 'ಶ'ಕಾರಗಳ ವ್ಯತ್ಯಾಸ ಮಸುಕಾಗುತ್ತದೆ, ಗಾಜಿನ ಗಂಟೆಯ 'ಟಿಂಗ್' ಹೋಗಿ 'ಟುಕ್' ಉಳಿಯುತ್ತದೆ. ಅದೇ ವೇಗದಲ್ಲಿ ಓಡುವ ಸಿನೆ-ಟೇಪಿನಲ್ಲಿ ಇದರ ಎರಡರಷ್ಟು ಎತ್ತರದ ಸ್ವರಗಳೂ ಸಲೀಸಾಗಿ ನಿಲ್ಲುತ್ತವೆ.

'ಪ್ರಿಂಟಿನಲ್ಲಿ ಇದೆಯಲ್ಲ'

ಹಳೆಯ ಟಿವಿ ಆ್ಯನಿಮೇಶನ್ನಿನ ಮೂಲಧ್ವನಿ ಹಾಳಾದದ್ದಕ್ಕೆ ಒಂದೇ ಕಾರಣ ಹೇಳಬೇಕೆಂದರೆ ಈ ಮಾತು. ಚಿತ್ರದ ನೆಗೆಟಿವ್ ಕಳೆದರೆ ಸರಣಿಯೇ ಹೋಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಧ್ವನಿಯ ಮೂಲ ಕಳೆದರೆ ಏನು ಹೋಗುತ್ತದೆ ಎಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಏಕೆಂದರೆ ಪ್ರಿಂಟ್ ಓಡಿಸಿದರೆ ಮಾತು ಕೇಳುತ್ತಿತ್ತು. ಅಂದಿನ ಮನೆ ಟಿವಿಯ ಅಂಗೈಯಗಲದ ಸ್ಪೀಕರಿನಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ.

ಈ ನಂಬಿಕೆಯ ಮೇಲೆ ಉಳಿದದ್ದೆಲ್ಲ ನಡೆಯಿತು. ಟೇಪು ದುಬಾರಿ, ಅಳಿಸಿದರೆ ಮತ್ತೆ ಬಳಸಬಹುದು. ಬಲ್ಕ್ ಇರೇಸರ್ ಎಂಬ ಕಾಂತದ ಪೆಟ್ಟಿಗೆಯ ಮೇಲೆ ರೀಲನ್ನು ಒಮ್ಮೆ ಸುತ್ತಿಸಿದರೆ ಕ್ಷಣದಲ್ಲಿ ಖಾಲಿ. ಸರಣಿಯ 6 ಮಿಲಿ ಟೇಪುಗಳಲ್ಲಿ ಬಹುಪಾಲು ಹೋದದ್ದು ಹೀಗೆ. ಪ್ರಸಾರವಾಗಿ ಕೆಲವು ವಾರ ಇಟ್ಟುಕೊಂಡು, ಯಾರೂ ಕೇಳದಿದ್ದರೆ ಮುಂದಿನ ಕೆಲಸಕ್ಕೆ ಬಳಸುವುದು. ಅಂದಿನ ಲೆಕ್ಕದಲ್ಲಿ ಅದು ಮಿತವ್ಯಯ. ಮಾಡಿದವರನ್ನು ಇಂದು ದೂರುವುದು ನ್ಯಾಯವಲ್ಲ. ಮುಂದೊಂದು ದಿನ ಮನೆಮನೆಯಲ್ಲಿ ದೊಡ್ಡ ಪರದೆ, ಒಳ್ಳೆಯ ಸ್ಪೀಕರು ಬರುತ್ತದೆಂದು ಅವರಿಗೆ ಹೇಳಿದವರು ಯಾರು?

ಇನ್ನೊಂದು ಕಾರಣ ಒಡೆತನ. ಜಪಾನಿನಲ್ಲಿ ಧ್ವನಿಯ ಕೆಲಸವನ್ನು ಆ್ಯನಿಮೇಶನ್ ಸ್ಟುಡಿಯೋ ತಾನೇ ಮಾಡುವುದು ಕಡಿಮೆ, ಬೇರೆ ಧ್ವನಿ ನಿರ್ಮಾಣ ಕಂಪನಿಗೆ ಗುತ್ತಿಗೆ ಕೊಡುತ್ತದೆ. ಈ ಸರಣಿಯಲ್ಲಿ ನೆಗೆಟಿವ್ ಸ್ಟುಡಿಯೋದ್ದು, ಪ್ರಸಾರದ ವಿಡಿಯೋ ಟೇಪು ಚಾನೆಲ್ಲಿನದು, ಹಿನ್ನೆಲೆ ಸಂಗೀತದ ಮೂಲ ಟೇಪು ರೆಕಾರ್ಡ್ ಕಂಪನಿಯದು. ಮಾತಿನ ಟೇಪು, ಮಿಕ್ಸ್ ಆದ ಸಿನೆ-ಟೇಪು ಯಾರವು? ಒಪ್ಪಂದದಲ್ಲಿ ಒಂದಕ್ಷರವಿಲ್ಲ. ಗುತ್ತಿಗೆ ಕಂಪನಿಯ ಕಪಾಟಿನಲ್ಲಿ ಇದ್ದಷ್ಟು ದಿನ ಇದ್ದವು, ಕಪಾಟು ತುಂಬಿದಾಗ ಸ್ಟುಡಿಯೋದ ಗೋದಾಮಿಗೆ ಬಂದವು. ಹಿನ್ನೆಲೆ ಸಂಗೀತದ ಟೇಪು ಮಾತ್ರ ಇಂದಿಗೂ ಹೊಸದರಂತಿದೆ, ಯಾಕೆಂದರೆ ಅದನ್ನು ಎಲ್‌ಪಿ ಮಾಡಿ ಮಾರಿದ್ದರು. ಮಾರುವ ಸರಕಾದದ್ದಕ್ಕೆ ಚೀಟಿ, ನಂಬರು, ಬೀಗದ ಕಪಾಟು ಸಿಕ್ಕಿತು. ಮಾತಿಗೆ ಅದು ಸಿಗಲಿಲ್ಲ.

ಇದು ಒಂದು ಸ್ಟುಡಿಯೋದ ಕಥೆಯಲ್ಲ. ನಮ್ಮ ಮಕ್ಕಳಿಗೂ ಪರಿಚಿತನಾದ ಡೋರೆಮಾನ್‌ನ ಮೊದಲ ಟಿವಿ ಸರಣಿ 1973ರದು. ನಿರ್ಮಾಣ ಸಂಸ್ಥೆ ಮುಚ್ಚಿಹೋಗಿ ಫಿಲ್ಮುಗಳು ಚೆಲ್ಲಾಪಿಲ್ಲಿಯಾದವು. ಆಮೇಲೆ ಸಿಕ್ಕವುಗಳಲ್ಲಿ ಕೆಲವಕ್ಕೆ ಚಿತ್ರವಿದೆ, ಧ್ವನಿಯಿಲ್ಲ. ಅಮೆರಿಕದ ಫಿಲ್ಮೇಶನ್ ಸ್ಟುಡಿಯೋ 1989ರಲ್ಲಿ ಲೋರಿಯಲ್ ಮುಂದಾಳತ್ವದ ಗುಂಪಿನ ಪಾಲಾಗಿ ಬಾಗಿಲು ಹಾಕಿತು, ಅದರ ಸರಣಿಗಳು ಆಮೇಲೆ ಕೈಯಿಂದ ಕೈಗೆ ಹೋದವು. ಸಾಮಾನು ಹೀಗೆ ಮನೆ ಬದಲಿಸುವಾಗಲೆಲ್ಲ ಮೊದಲು ಬಿಟ್ಟುಹೋಗುವುದು ಹೆಸರಿಲ್ಲದ ಡಬ್ಬಿಗಳು.

ಕೊನೆಯ ಪೆಟ್ಟು

ಇಷ್ಟೆಲ್ಲ ಆದರೂ ಮಿಕ್ಸ್ ಆದ ಸಿನೆ-ಟೇಪುಗಳು ಸ್ಟುಡಿಯೋ ಗೋದಾಮಿನಲ್ಲಿ ಬಹುಕಾಲ ಇದ್ದವು. ಅವು ಹೋದದ್ದು ಡಿವಿಡಿ ಬಂದಾಗ. ಈ ಪ್ರಕರಣದಲ್ಲಿ ಎಲ್ಲರೂ ನಿಂತು ನೋಡಬೇಕಾದ ತಿರುವು ಇದೇ.

ಡಿವಿಡಿಗಾಗಿ ಪ್ರಿಂಟಿನಿಂದ ಚಿತ್ರವನ್ನೂ ಅದರ ಅಂಚಿನಿಂದ ಧ್ವನಿಯನ್ನೂ ಒಟ್ಟಿಗೇ ಡಿಜಿಟಲ್ ಟೇಪಿಗೆ ಇಳಿಸಿದರು. ಸಿನೆ-ಟೇಪು ಓಡಿಸಲು ಬೇರೆ ಯಂತ್ರ, ಬೇರೆ ದಿನ, ಬೇರೆ ಖರ್ಚು. ಪ್ರಿಂಟಿನಲ್ಲಿ ಇದೆಯಲ್ಲ. ಇಳಿಸಿದ ಧ್ವನಿಯಲ್ಲಿ 'ಸರ್' ಎಂಬ ಹಿನ್ನೆಲೆ ಸದ್ದು ಜಾಸ್ತಿ ಇದ್ದದ್ದರಿಂದ ಅದನ್ನು ಅಳಿಸುವ ನಾಯ್ಸ್ ರಿಡಕ್ಷನ್ ಯಂತ್ರವನ್ನು ಗಟ್ಟಿಯಾಗಿ ಹಾಕಿದರು. ಆ ಯಂತ್ರಕ್ಕೆ ತಿಳಿಯುವುದು ಇಷ್ಟೇ: ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಕಸ. ಜೀರುಂಡೆಯ ಕೂಗು ಒಂದೇ ಸಮನೆ ಬರುತ್ತದೆ. ಅದರ ಮೇಲ್ಭಾಗವನ್ನು ಆಪ್ಟಿಕಲ್ ಮೊದಲೇ ಕತ್ತರಿಸಿತ್ತು. ಉಳಿದದ್ದು ಹೆಚ್ಚುಕಡಿಮೆ ಫಿಲ್ಮಿನ 'ಸರ್' ಸದ್ದಿನ ಹಾಗೇ ಇತ್ತು. ಯಂತ್ರ ಎರಡನ್ನೂ ಗುಡಿಸಿ ಹಾಕಿತು. ಮಳೆ, ದೂರದ ಸಮುದ್ರ, ರೈಲಿನೊಳಗಿನ ಗುಂಯ್ ಎಲ್ಲವೂ ಆ ಪೊರಕೆಗೆ ಸಿಕ್ಕಿದ್ದವು.

ಮುಂದಿನದು ಇನ್ನೂ ನೋವಿನ ವಿಚಾರ. 'ಡಿಜಿಟಲ್ ಮಾಸ್ಟರ್ ಸಿದ್ಧ' ಎಂದು ಪಟ್ಟಿಯಲ್ಲಿ ಗುರುತು ಬಿದ್ದ ಕೂಡಲೇ ಗೋದಾಮಿನ ಬಾಡಿಗೆ ಇಳಿಸುವ ಮಾತು ಬಂತು. ಸಿನೆ-ಟೇಪಿನ ಡಬ್ಬಿಗಳಿಂದ ಹುಳಿ ವಾಸನೆಯೂ ಬರತೊಡಗಿತ್ತು, ಪಕ್ಕದ ನೆಗೆಟಿವ್‌ಗಳಿಗೆ ಅಪಾಯವೆಂದು ಗೋದಾಮಿನವರು ದೂರಿದ್ದರು. ದೂರು ಸರಿಯೇ. ಸಿನೆ-ಟೇಪಿನ ತಳ ಅಸಿಟೇಟ್ ಎಂಬ ಪ್ಲಾಸ್ಟಿಕ್. ತೇವ, ಸೆಕೆಗೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಮತ್ತಷ್ಟು ಒಡೆಯಲು ಕುಮ್ಮಕ್ಕು. ಮೇಲಿರುವ ಕಬ್ಬಿಣದ ಆಕ್ಸೈಡು ಇದನ್ನು ಇನ್ನೂ ಚುರುಕುಗೊಳಿಸುವುದರಿಂದ ಚಿತ್ರದ ಫಿಲ್ಮಿಗಿಂತ ಬೇಗ ಕೆಡುವುದು ಧ್ವನಿಯ ಫಿಲ್ಮೇ. ಬೇರೆ ಕೋಣೆಗೆ ಸಾಗಿಸಬೇಕಿತ್ತು, ಅಥವಾ ಬಿಸಾಡುವ ಮೊದಲು ಒಂದೇ ಒಂದು ರೀಲನ್ನು ಓಡಿಸಿ ಹೊಸ ಮಾಸ್ಟರ್ ಜೊತೆ ಹೋಲಿಸಿ ಕೇಳಬೇಕಿತ್ತು. ಎರಡೂ ಆಗಲಿಲ್ಲ. ಲಾರಿ ಬಂತು. ತಪ್ಪಿ ಬೇರೆ ಸರಣಿಯ ಕಪಾಟಿನಲ್ಲಿ ಸೇರಿಕೊಂಡಿದ್ದ 9 ಡಬ್ಬಿಗಳು ಮಾತ್ರ ಉಳಿದವು.

ಏನೇನು ಮಾಡಿ ನೋಡಿದರು

ಮೊದಲು ಬಂದ ಸಲಹೆ ಹೊಸದಾಗಿ ಡಬ್ ಮಾಡುವುದು. ಬದುಕಿರುವ ಕಲಾವಿದರನ್ನು ಕರೆಸಿ, ಉಳಿದವರಿಗೆ ಹೊಸಬರನ್ನು ಹಾಕಿ, ರೆಕಾರ್ಡ್ ಕಂಪನಿಯ ಸಂಗೀತ ಜೋಡಿಸಿದರೆ ಧ್ವನಿ ಗಾಜಿನಂತಿರುತ್ತದೆ. ತಂಡ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿ. ನೋಡುಗರ ಕಿವಿಯಲ್ಲಿ ಕೂತಿರುವುದು ಅಂದಿನ ಕೋಣೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಆಡಿದ ಮಾತು. ಅದನ್ನು ತೆಗೆದರೆ ಉಳಿಯುವುದು ಬೇರೆಯೇ ಸರಣಿ.

ಎರಡನೆಯ ಹಾದಿ ಹೊರದೇಶ. ಬೇರೆ ಭಾಷೆಗೆ ಡಬ್ ಮಾಡಲು ಮಾತಿಲ್ಲದ, ಸಂಗೀತ ಮತ್ತು ಸದ್ದು ಮಾತ್ರ ಇರುವ ಟ್ರ್ಯಾಕನ್ನು ಕಳಿಸುತ್ತಾರೆ. 1990ರ ದಶಕದಲ್ಲಿ ದೂರದರ್ಶನದಲ್ಲಿ ನಾವೆಲ್ಲ ಹಿಂದಿಯಲ್ಲಿ ನೋಡಿದ ಮೊಗ್ಲಿಯ ಸರಣಿಯೂ ಮೂಲತಃ ಜಪಾನಿನದೇ, ಅಂಥ ಸರಣಿಗಳು ಊರೂರಿಗೆ ಹೋಗುತ್ತಿದ್ದದ್ದು ಹೀಗೆ. ಯುರೋಪಿನ ವಿತರಕರೊಬ್ಬರ ಬಳಿ ಈ ಸರಣಿಯ ಅಂಥ ಟ್ರ್ಯಾಕು ಕೆಲವು ಕಂತಿಗೆ ಸಿಕ್ಕಿತು. ಆದರೆ ಅದು ಯುರೋಪಿನ ಟಿವಿ ಪದ್ಧತಿಯಾದ ಪಾಲ್‌ನ ವಿಡಿಯೋ ಟೇಪಿನಲ್ಲಿತ್ತು. ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು ಪಾಲ್‌ನಲ್ಲಿ 25ಕ್ಕೆ ಓಡಿಸುವುದರಿಂದ ಎಲ್ಲವೂ 4 ಶೇಕಡಾ ವೇಗ, ಶ್ರುತಿ ಅರ್ಧಸ್ವರದ ಸುಮಾರು ಮುಕ್ಕಾಲಿನಷ್ಟು ಮೇಲೆ. ವೇಗ ಇಳಿಸಿದರೆ ಸರಿಯಾಗುತ್ತದೆ, ಮಾತು ಮಾತ್ರ ಬರುವುದಿಲ್ಲ. ಯಾವ ದೃಶ್ಯದಲ್ಲಿ ಯಾವ ಸದ್ದಿತ್ತು ಎಂದು ಪರೀಕ್ಷಿಸಲು ಅದು ಉಪಯೋಗಕ್ಕೆ ಬಂತು.

ಉಳಿದ 9 ಸಿನೆ-ಟೇಪುಗಳಲ್ಲಿ ಮೊದಲನೆಯದನ್ನು ತಂಡವೇ ಹಾಳುಮಾಡಿತು. ಡಬ್ಬಿ ತೆರೆದಾಗ ರೀಲು ಹಪ್ಪಳದಂತೆ ಅಂಚಿನಲ್ಲಿ ಅಲೆಯೆದ್ದಿತ್ತು. ಸುತ್ತು ಸಡಿಲವೆಂದು ಮೇಜಿನ ಮೇಲೆ ಸಾಮಾನ್ಯ ವೇಗದಲ್ಲಿ ಮರುಸುತ್ತು ಹಾಕಿದರು. ಒಂದಕ್ಕೊಂದು ಅಂಟಿದ್ದ ಪದರಗಳಿಂದ ಆಕ್ಸೈಡು ಕಂದು ಹುಡಿಯಾಗಿ ಉದುರಿತು. ಕಂತಿನ ಎರಡನೇ ಅರ್ಧ ಹೋಯಿತು.

ಉಳಿದ 8ಕ್ಕೆ ಕ್ರಮ ಬದಲಾಯಿತು. ಪ್ರತಿ ಡಬ್ಬಿಯಲ್ಲಿ ಎ-ಡಿ ಸ್ಟ್ರಿಪ್ ಎಂಬ ನೀಲಿ ಕಾಗದದ ಪಟ್ಟಿ ಇಟ್ಟು ಒಂದು ದಿನ ಮುಚ್ಚಿಟ್ಟರು. ಆಮ್ಲ ಹೆಚ್ಚಿದ್ದಷ್ಟೂ ಅದು ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಹೆಚ್ಚು ಹಳದಿಯಾದದ್ದಕ್ಕೆ ಮೊದಲ ಸರದಿ. ಆಮೇಲೆ ಕುಗ್ಗುವಿಕೆಯ ಅಳತೆ: 100 ಚೌಕಟ್ಟಿನ ಉದ್ದ 762 ಮಿ.ಮೀ. ಇರಬೇಕು. ಅತಿ ಕೆಟ್ಟ ರೀಲಿನಲ್ಲಿ 752 ಇತ್ತು, ಅಂದರೆ 1.3 ಶೇಕಡಾ ಕುಗ್ಗಿದೆ. ಅಂಥದ್ದನ್ನು ಹಲ್ಲುಚಕ್ರದ ಯಂತ್ರಕ್ಕೆ ಹಾಕಿದರೆ ತೂತು ಹರಿಯುತ್ತದೆ. ಹಲ್ಲಿಲ್ಲದೆ ರಬ್ಬರ್ ಉರುಳೆಯಿಂದ ಎಳೆಯುವ ಯಂತ್ರವೇ ಬೇಕು. ಮರುಸುತ್ತು ಇಲ್ಲ, ಡಬ್ಬಿಯಿಂದ ನೇರ ಯಂತ್ರಕ್ಕೆ, ನಿಧಾನವಾಗಿ. ಅಲೆಯೆದ್ದ ಕಡೆ ಫಿಲ್ಮು ಓದುವ ಹೆಡ್ಡಿಗೆ ತಾಕದೆ ಎದ್ದುಬಿಡುವುದರಿಂದ ಒತ್ತಡ ಬದಲಿಸುತ್ತ ಮೂರು ಸಲ ಓಡಿಸಿ, ಒಳ್ಳೆಯ ಭಾಗಗಳನ್ನು ಆಮೇಲೆ ಜೋಡಿಸಿದರು. ಆ ಎಂಟೂ ದಕ್ಕಿದವು.

ಈ ನಡುವೆ ದೊಡ್ಡದೊಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಸಿಕ್ಕ ಎರಡು 6 ಮಿಲಿ ಟೇಪುಗಳು ಓಡಿಸಿದರೆ ಕೀರಲು ಸದ್ದು ಮಾಡುತ್ತ ನಿಂತುಬಿಡುತ್ತಿದ್ದವು. 1970ರ ದಶಕದ ನಡುವಿನಿಂದ ಬಂದ, ಹಿಂಬದಿಗೆ ಕಪ್ಪು ಲೇಪವಿರುವ ಹಲವು ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅವನ್ನು ಉಷ್ಣತೆ ಏರುಪೇರಾಗದ ಪ್ರಯೋಗಾಲಯದ ಒಲೆಯಲ್ಲಿ 50ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆಗೂ ಹೆಚ್ಚು ಬಿಸಿ ಮಾಡಿ, ಪೂರ್ತಿ ತಣಿಸಿ, ಕೂಡಲೇ ಇಳಿಸಿಕೊಳ್ಳುವುದು ಕ್ರಮ. ಹಾಗೆ ಮಾಡಿದಾಗ ಅವು ಓಡಿದವು. ಅದನ್ನು ಕಂಡು ಸಿನೆ-ಟೇಪನ್ನೂ ಒಲೆಗೆ ಹಾಕೋಣವೆಂಬ ಮಾತು ಬಂತು. ಹಾಕಿದ್ದರೆ ಎಂಟೂ ಹೋಗುತ್ತಿದ್ದವು. ಒಲೆಯ ಮದ್ದು ಪಾಲಿಯೆಸ್ಟರ್ ತಳದ ಜಿಗುಟಿಗೆ ಮಾತ್ರ, ಅಸಿಟೇಟಿಗೆ ಸೆಕೆಯೇ ವಿಷ. ಗುರುತಿಸುವುದು ಕಷ್ಟವಲ್ಲ: ಟೇಪಿನ ಸುರುಳಿಯನ್ನು ದೀಪಕ್ಕೆ ಹಿಡಿದಾಗ ಬೆಳಕು ಹಾದುಬಂದರೆ ಅಸಿಟೇಟ್, ಕಪ್ಪಾಗಿಯೇ ಕಂಡರೆ ಪಾಲಿಯೆಸ್ಟರ್.

ಮನೆಗಳಿಂದ ಬಂದ ಟೇಪುಗಳು

ಚಾನೆಲ್ಲಿನ ಹಳೆಯ ನಿರ್ವಹಣಾ ಹಾಳೆಯೊಂದು ಇಡೀ ಕೆಲಸದ ದಿಕ್ಕು ಬದಲಿಸಿತು. ಮೊದಲ ಪ್ರಸಾರಕ್ಕೆ ಚಿತ್ರದ ಪ್ರಿಂಟನ್ನೂ ಸಿನೆ-ಟೇಪನ್ನೂ ಜೋಡಿಯಾಗಿ ಓಡಿಸಿದ್ದರು ಎಂದು ಅದರಲ್ಲಿತ್ತು. ಆಪ್ಟಿಕಲ್ ಧ್ವನಿ ಬಂದದ್ದು ಮರುಪ್ರಸಾರಗಳಲ್ಲಿ. ಹಾಗಾದರೆ ಆ ವರ್ಷ ಆ ಸಂಜೆ ಜನರ ಮನೆಗೆ ತಲುಪಿದ್ದು ಒಳ್ಳೆಯ ಧ್ವನಿ. ಟಿವಿ ಪ್ರಸಾರದ ಎಫ್‌ಎಂ ಧ್ವನಿ 15,000 ಹರ್ಟ್ಸ್‌ವರೆಗೂ ಹೋಗುತ್ತದೆ. ಅಂದು ಯಾರಾದರೂ ಹೈ-ಫೈ ವಿಸಿಆರ್‌ನಲ್ಲಿ ಮುದ್ರಿಸಿಕೊಂಡಿದ್ದರೆ?

ಬೀಟಾ, ವಿಎಚ್‌ಎಸ್ ಅಂದಿನ ಎರಡು ಬಗೆಯ ಮನೆ ವಿಡಿಯೋ ಕ್ಯಾಸೆಟ್ಟುಗಳು. ಬೀಟಾ ಹೈ-ಫೈ 1983ರಲ್ಲೇ ಬಂದಿತ್ತು, ವಿಎಚ್‌ಎಸ್ ಹೈ-ಫೈ ಅದರ ಬೆನ್ನಿಗೇ. ಸಾಮಾನ್ಯ ವಿಎಚ್‌ಎಸ್‌ನಲ್ಲಿ ಧ್ವನಿ ಟೇಪಿನ ಅಂಚಿನ ಸಣ್ಣ ಪಟ್ಟಿಯಲ್ಲಿ ಕೂರುತ್ತದೆ. ಟೇಪು ಉಳಿಸಲು ಬಳಸುತ್ತಿದ್ದ 'ಮೂರುಪಟ್ಟು' ಕ್ರಮದಲ್ಲಿ ಅದು ಓಡುವುದು ಸೆಕೆಂಡಿಗೆ ಸುಮಾರು 11 ಮಿ.ಮೀ., ನಮ್ಮ ಹಾಡಿನ ಕ್ಯಾಸೆಟ್ಟಿನ ವೇಗದ ಕಾಲುಭಾಗವೂ ಇಲ್ಲ. ಹೈ-ಫೈನಲ್ಲಿ ಧ್ವನಿಯನ್ನು ಚಿತ್ರದ ಜೊತೆ ತಿರುಗುವ ಹೆಡ್ಡುಗಳೇ ಬರೆಯುತ್ತವೆ, ಗುಣ ಸ್ಟುಡಿಯೋ ಟೇಪಿನ ಹತ್ತಿರ. ಬಿಬಿಸಿಯ 'ಡಾಕ್ಟರ್ ಹೂ' ಸರಣಿಯ ಕಾಣೆಯಾದ ಕಂತುಗಳ ಧ್ವನಿಯೆಲ್ಲ ಇಂದು ಇರುವುದು ನೋಡುಗರು ಮನೆಯಲ್ಲಿ ಮುದ್ರಿಸಿಕೊಂಡ ಕಾರಣಕ್ಕೇ. ಜಪಾನಿನ ಎನ್‌ಎಚ್‌ಕೆ ಕೂಡ ತಾನು ಅಳಿಸಿದ ಕಾರ್ಯಕ್ರಮಗಳಿಗಾಗಿ ವೀಕ್ಷಕರ ಟೇಪುಗಳನ್ನು ಕೇಳಿ ಪಡೆಯುತ್ತದೆ.

ಹಕ್ಕುದಾರರು ಪ್ರಕಟಣೆ ಕೊಟ್ಟರು. ಬರೆದದ್ದು ಮೂರೇ ಮಾತು: ಟೇಪನ್ನು ಹಾಕಿ ನೋಡಬೇಡಿ, ಹಿಂದಕ್ಕೆ ಸುತ್ತಬೇಡಿ, ಹಾಗೇ ಕಳಿಸಿ. ಒಮ್ಮೆ ನೋಡಿ ಕಳಿಸೋಣವೆಂದುಕೊಂಡವರ ಟೇಪುಗಳೇ ಹೆಚ್ಚು ಹಾಳಾಗಿ ಬಂದವು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಚುಕ್ಕೆ ಕಂಡರೆ ಬೂಸ್ಟು. ಹಾಗೇ ಓಡಿಸಿದರೆ ಅದು ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಟೇಪಿಗೂ ಹೋಗುತ್ತದೆ. ಅಂಥವನ್ನು ಬಿಚ್ಚಿ, ಒಣಗಿಸಿ, ಬಟ್ಟೆಯಿಂದ ಒರೆಸಿ, ಹೊಸ ಚಿಪ್ಪಿಗೆ ಹಾಕಿ, ಬೇರೆ ಇಟ್ಟಿದ್ದ ಯಂತ್ರದಲ್ಲಿ ಓಡಿಸಿದರು.

14ನೇ ಕಂತಿಗೆ ಮೂರು ಟೇಪು ಬಂದವು. ಅವುಗಳಲ್ಲಿ ಒಂದು ಹೈ-ಫೈ. ಜಗಲಿಯ ದೃಶ್ಯ ಬಂದಾಗ ಕೋಣೆ ತುಂಬ ಜೀರುಂಡೆ. ಗಾಳಿಗಂಟೆ ಒಮ್ಮೆ ಹೊಡೆದು, ಆ ಸ್ವರ ಸಣ್ಣಗೆ ನಡುಗುತ್ತ ಎರಡು ಸೆಕೆಂಡು ಉಳಿದು ಆರಿತು. ಸದ್ದಿನವರು ಅದನ್ನು ಎಷ್ಟು ಆಸ್ಥೆಯಿಂದ ಹಾಕಿದ್ದರೆಂದು ಅವತ್ತು ತಿಳಿಯಿತು.

ಹಾಗೆಂದು ಮನೆಯ ಟೇಪನ್ನು ಇಳಿಸಿ ಹಾಗೇ ಹಾಕಲು ಬರುವುದಿಲ್ಲ. ತಿರುಗುವ ಎರಡು ಹೆಡ್ಡುಗಳು ಸೆಕೆಂಡಿಗೆ ಸುಮಾರು 60 ಸಲ ಕೈಬದಲಿಸುವಾಗ ಸಣ್ಣ ಬಿರುಕು ಬಿದ್ದು 'ಗರ್' ಎಂಬ ಸದ್ದಾಗುತ್ತದೆ. ಇದು ವಿಸಿಆರ್‌ನಿಂದ ವಿಸಿಆರ್‌ಗೆ ಬೇರೆ. ಒಂದೇ ಟೇಪನ್ನು ನಾಲ್ಕು ಯಂತ್ರಗಳಲ್ಲಿ, ಹೆಡ್ಡನ್ನು ಟೇಪಿನ ಮೇಲಿನ ಗೆರೆಗೆ ಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಕೈಯಲ್ಲಿ ತಿರುಗಿಸುತ್ತ ಓಡಿಸಿ ನೋಡಿದಾಗ ಮುಕ್ಕಾಲು ಪಾಲು ತೊಂದರೆ ಅಲ್ಲೇ ನೀಗಿತು. ಸಾಫ್ಟ್‌ವೇರ್‌ಗೆ ಕೈಹಾಕುವ ಮೊದಲು ಇದನ್ನು ಮಾಡಲೇಬೇಕು. ವೇಗದ ಹೊಂದಾಣಿಕೆ ಇನ್ನೊಂದು ಗಂಟು. ಫಿಲ್ಮು 24 ಚೌಕಟ್ಟಿನದು, ಜಪಾನಿನ ಟಿವಿಯಲ್ಲಿ ಅದು 23.976ಕ್ಕೆ ಓಡುತ್ತದೆ. ಸಾವಿರಕ್ಕೆ ಒಂದರಷ್ಟೇ ವ್ಯತ್ಯಾಸ, 24 ನಿಮಿಷ ಮುಗಿಯುವಾಗ 1.4 ಸೆಕೆಂಡು, ಬಾಯೊಂದು ಕಡೆ, ಮಾತೊಂದು ಕಡೆ. ಕೆಲವು ಟೇಪುಗಳಲ್ಲಿ ಟಿವಿಯ ಅಡ್ಡಗೆರೆಗಳ 15,734 ಹರ್ಟ್ಸ್‌ನ ಕೀಚಲು ಸ್ವರವೂ ಸೇರಿಕೊಂಡಿತ್ತು. ಮೊದಮೊದಲು ಅದನ್ನು ಕೂಡಲೇ ಸೋಸಿ ತೆಗೆಯುತ್ತಿದ್ದರು. ಆಮೇಲೆ ಅದೇ ಒಳ್ಳೆಯ ಅಳತೆಗೋಲು ಎಂದು ಹೊಳೆಯಿತು: ಪ್ರಸಾರದಲ್ಲಿ ಆ ಸ್ವರ ಕದಲುವುದಿಲ್ಲ, ಆದ್ದರಿಂದ ಟೇಪಿನಲ್ಲಿ ಅದು ಕದಲಿದ್ದರೆ ಟೇಪಿನ ವೇಗ ಕದಲಿದೆ ಎಂದರ್ಥ. ವೇಗವನ್ನು ಅದಕ್ಕೆ ಹೊಂದಿಸಿದ ಮೇಲೆಯೇ ಸೋಸುವುದೆಂದು ಕ್ರಮ ಬದಲಾಯಿತು.

ಒಂದೇ ಕಂತಿನ ಮೂರು ಟೇಪುಗಳನ್ನು ಬೆರೆಸಿ ಸರಾಸರಿ ಮಾಡಿದರೆ ಟೇಪಿನ ಸದ್ದು ಲೆಕ್ಕದ ಪ್ರಕಾರ 5 ಡೆಸಿಬೆಲ್‌ನಷ್ಟು ಇಳಿಯಬೇಕು. ಮಾಡಿ ನೋಡಿದರು. ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ ಹೊಂದಿಕೆ ತಪ್ಪಿದರೂ ಎತ್ತರದ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ, ಗಾಳಿಗಂಟೆ ಮತ್ತೆ ಮಂಕಾಯಿತು. ಒಳ್ಳೆಯದೊಂದನ್ನೇ ಆಧಾರವಾಗಿಟ್ಟುಕೊಂಡು, ಅದು ಮುಕ್ಕಾದ ಕಡೆ ಮಾತ್ರ ಉಳಿದೆರಡರಿಂದ ತೇಪೆ ಹಾಕುವುದೆಂದು ತೀರ್ಮಾನವಾಯಿತು. 27ನೇ ಕಂತಿನಲ್ಲಿ ಮಾತಿನ ನಡುವೆಯೇ ಭೂಕಂಪದ ಸುದ್ದಿಯ ಗಂಟೆಸದ್ದು ಬಿದ್ದಿತ್ತು, ಬಂದ ಟೇಪುಗಳೆಲ್ಲದರಲ್ಲೂ. ಅಲ್ಲಿ 4 ಸೆಕೆಂಡು ಆಪ್ಟಿಕಲ್ ಧ್ವನಿ ಸೇರಿಸಿದೆ. ಕಿವಿಗೊಟ್ಟು ಕೇಳಿದರೆ ಆ 4 ಸೆಕೆಂಡು ಮಂಕೆಂದು ಗೊತ್ತಾಗುತ್ತದೆ. ಅದನ್ನು ಜಾಣತನದಿಂದ ಮುಚ್ಚಲು ಹೋಗಿಲ್ಲ, ಬ್ಲೂ-ರೇ ಜೊತೆಗಿನ ಪುಸ್ತಿಕೆಯಲ್ಲಿ ಬರೆದಿದೆ.

ಕೊನೆಗೆ ಉಳಿದ ಲೆಕ್ಕ

52ರಲ್ಲಿ 31 ಕಂತುಗಳ ಧ್ವನಿ ಮನೆಗಳ ಟೇಪಿನಿಂದ, 8 ಸಿನೆ-ಟೇಪಿನಿಂದ ಬಂತು. ಉಳಿದ 13ಕ್ಕೆ ಆಪ್ಟಿಕಲ್ಲೇ ಗತಿ. ಅಲ್ಲಿಯೂ ಪ್ರಿಂಟನ್ನು ಬಿಟ್ಟು ಧ್ವನಿ ನೆಗೆಟಿವನ್ನೇ ಸ್ಕ್ಯಾನ್ ಮಾಡಿದ್ದರಿಂದ ಡಿವಿಡಿಗಿಂತ ಎಷ್ಟೋ ಮೇಲು. ಆದರೆ ನೆಗೆಟಿವ್ ಸ್ಕ್ಯಾನ್ ಎಂದರೆ ಸೀದಾ ಕೆಲಸವಲ್ಲ. ಪ್ರಿಂಟ್ ಹಾಕುವಾಗ ಬೆಳಕು ಗೆರೆಯ ಆಚೀಚೆ ಹರಡುತ್ತದೆ, ಅದು ಸರಿದೂಗಲೆಂದು ಲ್ಯಾಬಿನವರು ನೆಗೆಟಿವ್‌ನಲ್ಲೇ ಬೇಕೆಂದು ಉಲ್ಟಾ ಹರಡುವಿಕೆ ಇಟ್ಟಿರುತ್ತಾರೆ. ನೆಗೆಟಿವನ್ನು ಹಾಗೇ ಓದಿದರೆ 'ಸ'ಕಾರಗಳೆಲ್ಲ ಸಿಡಿದಂತೆ ಕೇಳುತ್ತವೆ. ಪ್ರಿಂಟಿನ ಆ ಹರಡುವಿಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಸೇರಿಸಿದ ಮೇಲೆ ಸರಿಹೋಯಿತು. ನಾಯ್ಸ್ ರಿಡಕ್ಷನ್ ಎಲ್ಲೂ ಬಳಸಿಲ್ಲವೆಂದಲ್ಲ, ಸದ್ದುಗಳ ಪಟ್ಟಿ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಮಳೆ, ಜೀರುಂಡೆ ಇರುವ ದೃಶ್ಯಗಳನ್ನು ಮುಟ್ಟದೆ ಬಳಸಿದೆ.

ಮೂಲದಿಂದ ಇಳಿಸಿದ ಫೈಲುಗಳನ್ನು 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಏನನ್ನೂ ಸೋಸದೆ ಬೇರೆಯೇ ಇಟ್ಟಿದೆ. ನಾಳೆ ಇನ್ನೂ ಒಳ್ಳೆಯ ಉಪಕರಣ ಬಂದಾಗ ಶುರು ಮಾಡಬೇಕಾದದ್ದು ಅಲ್ಲಿಂದ. ಸ್ಟುಡಿಯೋ ತನ್ನ ದಾಸ್ತಾನು ಪುಸ್ತಕವನ್ನೂ ತಿದ್ದಿತು. ಮೊದಲು ಪ್ರತಿ ಕಂತಿಗೆ ಒಂದು ಸಾಲಿತ್ತು. ಈಗ ಚಿತ್ರ, ಮಾತು, ಸಂಗೀತ, ಸದ್ದು, ಮಿಕ್ಸ್, ಆಪ್ಟಿಕಲ್ ನೆಗೆಟಿವ್ ಎಂದು ಆರು ಸಾಲು, ಪ್ರತಿ ಸಾಲಿಗೂ ಒಡೆಯರ ಹೆಸರು, ಇಟ್ಟ ಜಾಗ, ಕೊನೆಯ ಸಲ ತೆರೆದು ನೋಡಿದ ದಿನ. ಹೊಸ ಸರಣಿಗಳ ಗುತ್ತಿಗೆಯಲ್ಲಿ ಧ್ವನಿಯ ಮೂಲ ಫೈಲುಗಳನ್ನು ಪ್ರಸಾರವಾದ ತಿಂಗಳೊಳಗೆ ಒಪ್ಪಿಸಬೇಕೆಂಬ ಷರತ್ತಿದೆ. ಯಾವುದನ್ನಾದರೂ ವಿಲೇವಾರಿ ಮಾಡುವ ಮುನ್ನ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಾಕಿ ಇಬ್ಬರು ಕೇಳಿ ಸಹಿ ಹಾಕಬೇಕು.

ಆ 13 ಕಂತುಗಳ ಪಟ್ಟಿ ಪ್ರಕಟಣೆಯಲ್ಲಿ ಇನ್ನೂ ಹಾಗೇ ಇದೆ. ಬಿಡುಗಡೆಯಾದ ಮೇಲೆ ಅದನ್ನು ನೋಡಿ ಒಂದು ಬೀಟಾ ಟೇಪು ಬಂತು. ಮೇಲಿನ ಚೀಟಿಯಲ್ಲಿದ್ದದ್ದು ಅಡುಗೆ ಕಾರ್ಯಕ್ರಮದ ಹೆಸರು, ಓಡಿಸಿದಾಗ ಬಂದದ್ದೂ ಅಡುಗೆಯೇ. ಕ್ರಮದ ಪ್ರಕಾರ ಪ್ರತಿ ಟೇಪನ್ನೂ ಕೊನೆಯವರೆಗೆ ಓಡಿಸಲೇಬೇಕಾದ್ದರಿಂದ ಓಡಿಸಿದರು. ಅಡುಗೆ ಮುಗಿದು, ಎರಡು ನಿಮಿಷ ಬರಿಯ ಚುಕ್ಕೆಗಳಾಡಿ, ಆಮೇಲೆ 41ನೇ ಕಂತು ಶುರುವಾಯಿತು, ಹೈ-ಫೈನಲ್ಲಿ, ಶೀರ್ಷಿಕೆ ಗೀತೆಯ ಮೊದಲ ಸಾಲಿನಿಂದ.